ಲಂಗರು ಜಾರಿದರೆ ಬೈಗುಳಕ್ಕೆ ಹೆದರಬೇಡಿ

ಲಂಗರು ಬಿತ್ತೆಂದರೆ ಹಡಗು ನಿಂತಿತು, ಇನ್ನು ವಾಚ್ ಎಂದರೆ ಚಹಾ ಕುಡಿಯುವುದು ಎಂದು ನಂಬಿರುವ ಹಿರಿಯರು ಇಂದಿಗೂ ಇದ್ದಾರೆ. ಅಂಥವರ ಕೈಕೆಳಗೆ ಸೇರಲಿರುವ ಥರ್ಡ್ ಆಫೀಸರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನಾಗ ಸೆಕೆಂಡ್ ಆಫೀಸರ್. ಜೂನ್ ತಿಂಗಳು. ಅದಿರಿನ ಪೆಲೆಟ್ ತುಂಬಿಸಿಕೊಳ್ಳಲು ಪಣಂಬೂರು ಬಂದರಿನ ಹೊರಗೆ ಸರದಿ ಕಾಯುತ್ತಿದ್ದೆವು. ಬ್ಯಾಲಾಸ್ಟ್ ನೀರು ಬಿಟ್ಟರೆ ಹಡಗು ಖಾಲಿ; ನೀರಿನ ಮೇಲೆ ಎದ್ದು ನಿಂತ ಅದರ ಪಕ್ಕಕ್ಕೆ ಗಾಳಿ ಹಾಯಿಗೆ ಬಡಿದ ಹಾಗೆ ಬಡಿಯುತ್ತಿತ್ತು. ಆಳ 20 ಮೀಟರ್. ಐದು ಶಾಕಲ್ ಚೈನು ಸಾಕೆಂದರು ಕ್ಯಾಪ್ಟನ್. ಒಂದು ಶಾಕಲ್ ಎಂದರೆ 27.5 ಮೀಟರ್. ಮಳೆಗಾಲ, ಖಾಲಿ ಹಡಗು, ಎಂಟಾದರೂ ಬಿಡೋಣ ಸರ್ ಎಂದೆ. "ಪುಸ್ತಕ ಒಳಗಿಡು" ಎಂದರು. ಇಂಜಿನ್ ಬೇರೆ ಒಂದು ಗಂಟೆಯ ನೋಟಿಸ್‌ನಲ್ಲಿತ್ತು. ಎಣ್ಣೆ ಉಳಿಸಬೇಕೆಂದು ದಡದಲ್ಲಿ ಕೂತ ಸೂಪರಿಂಟೆಂಡೆಂಟರ ಅಪ್ಪಣೆ.

ರಾತ್ರಿ ಎರಡರ ಸುಮಾರಿಗೆ ನೈರುತ್ಯದ ಗಾಳಿ ಏರಿತು. ಲಂಗರು ಹಿಡಿದಿದ್ದರೆ ಹಡಗಿನ ಮೂತಿ ಗಾಳಿಗೆದುರಾಗಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ನಮ್ಮದು ಒಮ್ಮೆ ಬಲಕ್ಕೆ ಹೋದದ್ದು ಮರಳಲೇ ಇಲ್ಲ. ಗಾಳಿಗೆ ಪಕ್ಕ ಕೊಟ್ಟು ಮಲಗಿಬಿಟ್ಟಿತು. ಸುರತ್ಕಲ್ ದೀಪಸ್ತಂಭದ ಬೇರಿಂಗ್ ತೆಗೆದೆ, ಬದಲಾಗಿತ್ತು. ರೇಡಾರ್‌ನಲ್ಲಿ ಬ್ರೇಕ್‌ವಾಟರಿನ ದೂರ ಕಡಿಮೆಯಾಗುತ್ತಿತ್ತು. ಮುಂದಕ್ಕೆ ಓಡಿಸಿದ ಖಲಾಸಿ ಚೈನಿನ ಮೇಲೆ ಅಂಗೈಯಿಟ್ಟು ವಾಕಿಟಾಕಿಯಲ್ಲಿ ಕೂಗಿದ: "ಸಾಬ್, ನಡುಗುತ್ತಿದೆ, ಕಲ್ಲಿನ ಮೇಲೆ ಎಳೆದ ಹಾಗೆ!"

ಕ್ಯಾಪ್ಟನ್‌ಗೆ ಫೋನ್ ಮಾಡಿದೆ. "ಜಿಪಿಎಸ್ ತಪ್ಪಿರಬೇಕು" ಎಂದು ಇಟ್ಟರು. ನಾನು ಇಂಜಿನ್ ಸಿದ್ಧಮಾಡಿ ಎಂದು ಇಂಜಿನ್ ರೂಮಿಗೆ ನೇರ ಹೇಳಿ, ಮತ್ತೆ ಅವರನ್ನು ಎಬ್ಬಿಸಿದೆ. ಬಂದವರೇ ಮೊದಲು ನನಗೆ ಬೈದರು, ಆಮೇಲೆ ಇನ್ನೆರಡು ಶಾಕಲ್ ಬಿಡಿಸಿದರು. ಆದರೆ ಹಡಗು ಆಗಲೇ ಎರಡು ನಾಟ್ ವೇಗದಲ್ಲಿ ದಡದ ಕಡೆ ಸರಿಯುತ್ತಿತ್ತು. ಲಂಗರು ಮತ್ತೆ ಕಚ್ಚಲಿಲ್ಲ. ಮೇಲೆತ್ತಬೇಕಾದ ಚೈನಷ್ಟೇ ಹೆಚ್ಚಾಯಿತು. ಚೈನೆತ್ತುವ ಯಂತ್ರ ವಿಂಡ್ಲಾಸ್ ನಿಮಿಷಕ್ಕೆ ಎತ್ತುವುದು ಸುಮಾರು 9 ಮೀಟರ್. ಏಳು ಶಾಕಲ್‌ಗೆ ಇಪ್ಪತ್ತು ನಿಮಿಷದ ಮೇಲೆಯೇ ಬೇಕು. ಅಷ್ಟೂ ಹೊತ್ತು ದಡದ ದೀಪಗಳು ದೊಡ್ಡದಾಗುತ್ತಾ ಬಂದವು. ನಾನು ಮೊದಲೇ ಹೇಳಿದ್ದರಿಂದ ಇಂಜಿನ್ ಸಿಕ್ಕಿತು. ಮೂತಿ ಪಶ್ಚಿಮಕ್ಕೆ ತಿರುಗಿತು. ಬೆಳಗಿನವರೆಗೆ ಕಡಲಲ್ಲಿ ಸುತ್ತಿದೆವು.

ಲಾಗ್ ಪುಸ್ತಕದಲ್ಲಿ ಕ್ಯಾಪ್ಟನ್ ಬರೆದದ್ದು: "ಮುಂಜಾಗ್ರತೆಯಾಗಿ ಸ್ಥಳ ಬದಲಾವಣೆ." ಆಫೀಸಿನಿಂದ ಬಂದ ಪತ್ರ: ಎಣ್ಣೆ ಯಾಕೆ ಹೆಚ್ಚು ಖರ್ಚಾಯಿತು?

ಇಂಥ ತಡ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ನೋಡಿ. 2007ರ ಜೂನ್ 8ರಂದು ಕಲ್ಲಿದ್ದಲಿಗೆ ಕಾಯುತ್ತಿದ್ದ ಪಾಶಾ ಬಲ್ಕರ್ ಎಂಬ ಖಾಲಿ ಹಡಗು ಬಿರುಗಾಳಿಯಲ್ಲಿ ತಡವಾಗಿ ಲಂಗರೆತ್ತಿ, ನಾಬಿಸ್ ಬೀಚಿಗೆ ಬಂದು ಕೂತಿತು.

ಹುಡುಗರೇ, ಹಡಗನ್ನು ಹಿಡಿಯುವುದು ಲಂಗರೊಂದೇ ಅಲ್ಲ, ತಳದಲ್ಲಿ ಮಲಗಿದ ಚೈನೂ ಹೌದು. ಚೈನು ಪೂರ್ತಿ ಎದ್ದು ಎಳೆತ ಮೇಲ್ಮುಖವಾದರೆ ಲಂಗರು ಕಿತ್ತು ಬರುತ್ತದೆ. ಬೇರಿಂಗ್ ಆಗಾಗ ತೆಗೆಯಿರಿ. ಗಾಳಿ ಏರುವ ಸೂಚನೆ ಬಂದರೆ ಇಂಜಿನ್ ಸಿದ್ಧವಿಡಿಸಿ. ಗಾಳಿ ದಡದ ಕಡೆ ಬೀಸುತ್ತಿದ್ದರೆ ಬೇಗ ಹೊರಡುವುದೇ ಲೇಸು. ಅನುಮಾನ ಬಂದ ಕೂಡಲೇ ಕ್ಯಾಪ್ಟನ್‌ರನ್ನು ಎಬ್ಬಿಸಿ, ಏಳದಿದ್ದರೆ ಮತ್ತೆ ಎಬ್ಬಿಸಿ. ಬೈಗುಳ ತಿಂದ ಆಫೀಸರ್‌ಗೆ ಮುಂದಿನ ಹಡಗು ಸಿಗುತ್ತದೆ. ಹಡಗು ದಡಕ್ಕೆ ಹಾಕಿದವನಿಗೆ ಸಿಗುವುದು ವಿಚಾರಣೆ.