ಪಿಕಪ್ ಆಯಿಲ್ ತಿಂತಿದೆಯಾ? ಮೊದಲು ಅಳೆಯಿರಿ, ಆಮೇಲೆ ಗ್ಯಾರೇಜಿಗೆ ಹೋಗಿ

ತೋಟಗಾರಿಕೆ ಅಂಕಣದಲ್ಲಿ ಇಂಜಿನ್ ವಿಷಯ ಯಾಕೆ ಅಂತೀರಾ? ಹೊಸದುರ್ಗದ ದಾಳಿಂಬೆ, ಹಿರಿಯೂರಿನ ತೆಂಗಿನಕಾಯಿ, ಹೊಳಲ್ಕೆರೆಯ ಅಡಿಕೆ, ಚಿತ್ರದುರ್ಗದ ಈರುಳ್ಳಿ, ಯಾವುದೇ ಆಗಲಿ ತೋಟದಿಂದ ಮಾರುಕಟ್ಟೆಗೆ ಹೋಗೋದು ಪಿಕಪ್‌ನಲ್ಲೇ. ಕೊಯ್ಲಿನ ವಾರದಲ್ಲಿ ಗಾಡಿ ಕೈಕೊಟ್ಟರೆ ಹಣ್ಣು ಕ್ರೇಟ್‌ನಲ್ಲೇ ಮೆತ್ತಗಾಗುತ್ತೆ, ಜೊತೆಗೆ ಬಾಡಿಗೆ ಗಾಡಿಗೆ ಕೇಳಿದಷ್ಟು ಕೊಡಬೇಕು. ಇಂಜಿನ್ ಸೀಜ್ ಆದರಂತೂ ಒಂದು ಬೆಳೆಯ ಲಾಭ ಅಲ್ಲಿಗೇ ಹೋಯ್ತು.

ಯುವ ರೈತರಿಂದ ಪದೇ ಪದೇ ಬರುವ ಪ್ರಶ್ನೆ ಒಂದಿದೆ: "ಗಾಡಿ ಆಯಿಲ್ ತಿಂತಿದೆ, ಇಂಜಿನ್ ಬಿಚ್ಚಿಸಬೇಕಾ?" ಇದಕ್ಕೆ ಹೌದು, ಇಲ್ಲ ಅನ್ನೋ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು. ಎಷ್ಟು ತಿಂತಿದೆ? ಬಹಳ ಜನರ ಹತ್ತಿರ ಈ ಲೆಕ್ಕವೇ ಇರಲ್ಲ. ಈ ವಾರ ಅದನ್ನೇ ಕಲಿಯೋಣ.

ಆಯಿಲ್ ಸ್ವಲ್ಪ ಕಡಿಮೆಯಾಗೋದು ಸಹಜ

ಪಿಸ್ಟನ್ ಸಿಲಿಂಡರ್ ಒಳಗೆ ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಓಡುತ್ತೆ. ಸಿಲಿಂಡರ್ ಗೋಡೆಗೆ ತೆಳುವಾದ ಆಯಿಲ್ ಪದರ ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಹಾಳಾಗುತ್ತೆ. ಆ ಪದರವನ್ನು ಪಿಸ್ಟನ್ ರಿಂಗ್ ಕೆರೆದು ಕೆಳಕ್ಕೆ ಇಳಿಸುತ್ತೆ. ಆದರೂ ಒಂಚೂರು ಮೇಲೆ ಉಳಿದು ಡೀಸೆಲ್ ಜೊತೆ ಉರಿದುಹೋಗುತ್ತೆ. ಹಾಗಾಗಿ ಒಂದು ಹನಿಯೂ ಖರ್ಚಾಗದ ಇಂಜಿನ್ ಇಲ್ಲ.

ಎಷ್ಟರವರೆಗೆ ಸಹಜ ಅನ್ನೋದನ್ನ ತಯಾರಕರೇ ಹೇಳುತ್ತಾರೆ. ಫೋಕ್ಸ್‌ವ್ಯಾಗನ್ ಕೈಪಿಡಿಗಳು 1000 ಕಿ.ಮೀ.ಗೆ ಅರ್ಧ ಲೀಟರ್ ವರೆಗೆ ಹೋಗಬಹುದು ಅನ್ನುತ್ತವೆ. ಅಮೆರಿಕದ ಜನರಲ್ ಮೋಟಾರ್ಸ್ ಲೆಕ್ಕ ಇನ್ನೂ ಬಿಗಿ: ಸುಮಾರು 3200 ಕಿ.ಮೀ.ಗೆ ಒಂದು ಲೀಟರಿಗಿಂತ ಕೊಂಚ ಕಡಿಮೆ. ನಿಮ್ಮ ಗಾಡಿಯ ಮಿತಿ ಅದರ ಕೈಪಿಡಿಯಲ್ಲಿ ನೋಡಿ, ಇಲ್ಲವೇ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ.

ಶಕ್ತಿ ಜಾಸ್ತಿ ಇರೋ ಗಾಡಿಗಳ ವಿಷಯ ಸ್ವಲ್ಪ ಬೇರೆ. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ತರಹದ ಪಿಕಪ್‌ಗಳಲ್ಲಿರೋದು ಟರ್ಬೊ ಡೀಸೆಲ್ ಇಂಜಿನ್. ಈಗ ನಮ್ಮ ಸಾಮಾನ್ಯ ಲೋಡ್ ಪಿಕಪ್‌ಗಳಲ್ಲೂ ಟರ್ಬೊ ಇದ್ದೇ ಇರುತ್ತೆ. ಕಾಲು ಒತ್ತಿ ಓಡಿಸಿದಷ್ಟೂ, ಲೋಡ್ ಏರಿಸಿದಷ್ಟೂ ಒಳಗಿನ ಒತ್ತಡ, ಶಾಖ ಎರಡೂ ಏರುತ್ತೆ, ಆಯಿಲ್ ಖರ್ಚೂ ಏರುತ್ತೆ. ಹಿರಿಯೂರು ಇರೋದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಬೆಂಗಳೂರು 900 ಮೀಟರಿಗೂ ಮೇಲೆ. ಅಂದ್ರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಂಬಿದ ಲೋಡ್ ಹೊತ್ತು ಹೋಗೋವಾಗ ಗಾಡಿ ಒಟ್ಟಾರೆ 300 ಮೀಟರ್ ಹತ್ತುತ್ತೆ. ವಾಪಸ್ ಬರೋದು ಖಾಲಿಯಾಗಿ, ಇಳಿಜಾರಿನಲ್ಲಿ. ಅದಕ್ಕೇ ಒಂದು ಟ್ರಿಪ್ ನೋಡಿ ತೀರ್ಮಾನ ಮಾಡಬೇಡಿ.

ಅಳೆಯೋದು ಹೇಗೆ?

1. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಕಣದ ಸಿಮೆಂಟ್ ನೆಲ ಆದರೆ ಒಳ್ಳೇದು. ತೋಟದ ಬದುವಿನ ಪಕ್ಕ ವಾಲಿಕೊಂಡು ನಿಂತ ಗಾಡಿಯಲ್ಲಿ ನೋಡಿದ ಮಟ್ಟ ಸುಳ್ಳು ಹೇಳುತ್ತೆ.

2. ಕೈಪಿಡಿಯಲ್ಲಿ ಹೇಳಿದ ಹಾಗೆ ನೋಡಿ. ಬಹಳಷ್ಟು ಗಾಡಿಗಳಲ್ಲಿ ಇಂಜಿನ್ ಬಿಸಿ ಮಾಡಿ, ಆಫ್ ಮಾಡಿ, 5ರಿಂದ 10 ನಿಮಿಷ ಬಿಟ್ಟು ನೋಡೋದು ರೂಢಿ. ಒಂದು ದಿನ ಬಿಸಿ ಇದ್ದಾಗ, ಇನ್ನೊಂದು ದಿನ ಬೆಳಗ್ಗೆ ತಣ್ಣಗಿದ್ದಾಗ ನೋಡಿದರೆ ಹೋಲಿಕೆ ತಪ್ಪುತ್ತೆ. ಪ್ರತಿ ಸಲ ಒಂದೇ ವಿಧಾನ ಇರಲಿ.

3. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆದು ನೋಡಿ. ಮೊದಲನೇ ಸಲ ಎಳೆದಾಗ ಕಾಣೋದು ಲೆಕ್ಕಕ್ಕಿಲ್ಲ.

4. ಮೇಲಿನ ಗೆರೆಯವರೆಗೆ ಆಯಿಲ್ ತುಂಬಿ. ಡಿಪ್‌ಸ್ಟಿಕ್‌ದೊಂದು ಫೋಟೋ, ಕಿಲೋಮೀಟರ್ ಮೀಟರ್‌ದೊಂದು ಫೋಟೋ ಫೋನಿನಲ್ಲಿ ತೆಗೆದಿಡಿ. ತಾರೀಕು ತಾನಾಗೇ ಉಳಿಯುತ್ತೆ.

5. ವಾರಕ್ಕೊಮ್ಮೆ ಮಟ್ಟ ನೋಡ್ತಾ ಇರಿ. ಕೆಳಗಿನ ಗೆರೆ ಹತ್ತಿರ ಬಂದ್ರೆ ಕಾಯಬೇಡಿ. ಇಲ್ಲವಾದರೆ 1000 ಕಿ.ಮೀ. ಆದಮೇಲೆ ಅಳತೆ ಗುರುತಿರೋ ಜಗ್‌ನಿಂದ ಮತ್ತೆ ಮೇಲಿನ ಗೆರೆಯವರೆಗೆ ಹಾಕಿ. ಔಷಧಿ ಅಳೆಯೋ ಹಳೇ ಜಗ್ ಮಾತ್ರ ಬೇಡ, ಶುದ್ಧವಾದ್ದು ಇರಲಿ. ಎಷ್ಟು ಹಾಕಿದಿರೋ ಅದೇ ಖರ್ಚು.

ಲೆಕ್ಕದ ಮಾದರಿ: 1500 ಕಿ.ಮೀ. ಓಡಿದಮೇಲೆ 450 ಎಂ.ಎಲ್. ಹಿಡೀತು ಅಂತಿಟ್ಟುಕೊಳ್ಳಿ. 450ನ್ನು 1.5ರಿಂದ ಭಾಗಿಸಿದರೆ 300. ಅಂದ್ರೆ 1000 ಕಿ.ಮೀ.ಗೆ 300 ಎಂ.ಎಲ್. ಇಂಥ ಮೂರು ಅಳತೆ ಸಿಕ್ಕರೆ ಗಾಡಿಯ ಸ್ಥಿತಿ ಗೊತ್ತಾಗುತ್ತೆ. 300, 310, 290 ಅಂತ ಬಂದ್ರೆ ನಿಶ್ಚಿಂತೆ. 300, 450, 700 ಅಂತ ಏರ್ತಾ ಹೋದ್ರೆ ಒಳಗೆ ಏನೋ ಸವೀತಿದೆ ಅಂತ ಅರ್ಥ.

ಮೇಲಿನ ಗೆರೆ ದಾಟಿಸಿ ತುಂಬಬೇಡಿ. "ಹೇಗೂ ತಿನ್ನುತ್ತೆ, ಜಾಸ್ತಿ ಇರಲಿ" ಅಂತ ಹಾಕಿದರೆ ಕ್ರ್ಯಾಂಕ್ ಆ ಆಯಿಲ್ ಅನ್ನು ಕಡೆದು ನೊರೆ ಮಾಡುತ್ತೆ. ನೊರೆ ಆಯಿಲ್ ಬೇರಿಂಗ್ ಕಾಪಾಡಲ್ಲ, ಮೇಲಾಗಿ ಬ್ರೀದರ್ ಪೈಪಿನಿಂದ ಹೊರಗೂ ಹೋಗುತ್ತೆ.

ಮಟ್ಟ ಏರಿದರೆ ಇನ್ನೂ ಅಪಾಯ

ಕೆಲವರ ಗಾಡಿಯಲ್ಲಿ ಆಯಿಲ್ ಕಡಿಮೆಯಾಗೋ ಬದಲು ಏರುತ್ತೆ. ಖುಷಿಪಡಬೇಡಿ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಮೇಲೆ ಬಹಳ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯೋ ಫಿಲ್ಟರ್, ಅಂದ್ರೆ ಡಿಪಿಎಫ್ ಇದೆ. ಅದು ತುಂಬಿದಾಗ ಇಂಜಿನ್ ಹೆಚ್ಚುವರಿ ಡೀಸೆಲ್ ಬಿಟ್ಟು ಮಸಿಯನ್ನು ಸುಡುತ್ತೆ. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮ ಓಡಬೇಕು. ನಾವು ಮಾಡೋದೇನು? ಮನೆಯಿಂದ ತೋಟ, ತೋಟದಿಂದ ಡೈರಿ, ಎರಡೆರಡು ಕಿ.ಮೀ. ಓಡಿಸಿ ಆಫ್. ಸುಡೋ ಕೆಲಸ ಅರ್ಧಕ್ಕೇ ನಿಲ್ಲುತ್ತೆ, ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಮೂಲಕ ಇಳಿದು ಆಯಿಲ್‌ಗೆ ಸೇರುತ್ತೆ. ಆಯಿಲ್ ತೆಳುವಾಗಿ ಬೇರಿಂಗ್ ಸವೆಯುತ್ತೆ.

ಇದರಿಂದ ಲೆಕ್ಕವೂ ತಪ್ಪುತ್ತೆ. ಅರ್ಧ ಲೀಟರ್ ಆಯಿಲ್ ಹೋಗಿ ಅರ್ಧ ಲೀಟರ್ ಡೀಸೆಲ್ ಸೇರಿದರೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಸರಿಯಾಗೇ ಕಾಣುತ್ತೆ. ಆಮೇಲೆ ಬೆಂಗಳೂರಿಗೆ ಒಂದು ದೂರದ ಟ್ರಿಪ್ ಹೋದಾಗ ಬಿಸಿಗೆ ಡೀಸೆಲ್ ಸ್ವಲ್ಪ ಆವಿಯಾಗಿ, "ಒಂದೇ ರಾತ್ರಿಗೆ ಇಷ್ಟು ಆಯಿಲ್ ಕುಡೀತು" ಅನ್ನಿಸುತ್ತೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಡೀಸೆಲ್ ವಾಸನೆ ಗಾಢವಾಗಿದ್ದರೆ ಆಯಿಲ್ ಬದಲಿಸಿ. ಡಿಪಿಎಫ್ ದೀಪ ಬಂದ್ರೆ ಕೈಪಿಡಿ ಹೇಳಿದ ಹಾಗೆ ಹೆದ್ದಾರಿಯಲ್ಲಿ ಒಂದು ಓಟ ಕೊಡಿ. ಆಯಿಲ್ ಬಣ್ಣ ಹಾಲು ಹಾಕಿದ ಕಾಫಿ ತರ ಆಗಿದ್ದರೆ ಒಳಗೆ ನೀರು ಸೇರಿದೆ. ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ ಕರೆಸಿ.

ಹೋಗ್ತಿರೋದು ಎಲ್ಲಿಗೆ?

*ನೆಲಕ್ಕೆ:* ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿ. ಬೆಳಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿ. ಡ್ರೈನ್ ಬೋಲ್ಟ್ ವಾಷರ್, ಫಿಲ್ಟರ್, ವಾಲ್ವ್ ಕವರ್ ಪ್ಯಾಕಿಂಗ್, ಇವೆಲ್ಲ ಕಡಿಮೆ ಖರ್ಚಿನ ರಿಪೇರಿ. ಮೊದಲು ನೋಡಬೇಕಾದ್ದು ಇದನ್ನೇ.

*ವಾಲ್ವ್ ಸೀಲ್:* ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತರೆ, ಅಥವಾ ತುಂಬಾ ಹೊತ್ತು ಐಡಲ್‌ನಲ್ಲಿದ್ದು ಆಕ್ಸಿಲರೇಟರ್ ಕೊಟ್ಟಾಗ ಬಂದರೆ ಇದರ ಮೇಲೆ ಅನುಮಾನ.

*ಪಿಸ್ಟನ್ ರಿಂಗ್:* ಲೋಡ್ ಹೊತ್ತು ಏರು ಹತ್ತುವಾಗ ಬಿಡದೆ ನೀಲಿ ಹೊಗೆ. ಜೊತೆಗೆ ಇಂಜಿನ್ ಓಡ್ತಿರುವಾಗ ಬ್ರೀದರ್‌ನಿಂದ ಜೋರಾಗಿ ಹೊಗೆ ನೂಕುತ್ತೆ, ಎಳೆಯೋ ಶಕ್ತಿ ಕಡಿಮೆಯಾಗಿರುತ್ತೆ.

*ಟರ್ಬೊ:* ಇಂಟರ್‌ಕೂಲರ್ ಪೈಪಿನಲ್ಲಿ ತೆಳುವಾಗಿ ಜಿಡ್ಡಿದ್ದರೆ ಪರವಾಗಿಲ್ಲ. ಆಯಿಲ್ ನಿಂತಿದ್ದರೆ, ಹೊಸದಾಗಿ ಶಿಳ್ಳೆ ಸದ್ದು ಬರ್ತಿದ್ದರೆ ತಕ್ಷಣ ತೋರಿಸಿ.

ಕಪ್ಪು ಹೊಗೆ ಆಯಿಲ್‌ದಲ್ಲ. ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ ಆದರೆ ಅದು ಬರುತ್ತೆ.

ಟರ್ಬೊ ವಿಷಯದಲ್ಲಿ ಪ್ರಾಣಾಪಾಯದ ಮಾತೊಂದಿದೆ. ಸೀಲ್ ಪೂರ್ತಿ ಹೋಗಿ ಆಯಿಲ್ ನೇರ ಇಂಜಿನ್ ಒಳಗೆ ನುಗ್ಗಿದರೆ ಡೀಸೆಲ್ ಇಂಜಿನ್ ಅದನ್ನೇ ಇಂಧನ ಮಾಡಿಕೊಂಡು ತಾನಾಗೇ ರೇಸ್ ಆಗಬಹುದು. ಕೀ ತೆಗೆದರೂ ನಿಲ್ಲಲ್ಲ. ಮ್ಯಾನುಯಲ್ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ಬಂದ್ ಮಾಡಬೇಕು. ಆಗಲಿಲ್ಲವಾದರೆ ಇಳಿದು ದೂರ ಹೋಗಿ. ಬಾನೆಟ್ ತೆಗೆದು ಕೈ ಹಾಕಬೇಡಿ.

ನಮ್ಮ ಜಿಲ್ಲೆಯ ದೊಡ್ಡ ಶತ್ರು: ದೂಳು

ಬೋರ್‌ವೆಲ್‌ನಲ್ಲಿ ಮರಳು ಬಂದ್ರೆ ಪಂಪಿನ ಇಂಪೆಲ್ಲರ್ ಏನಾಗುತ್ತೆ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಇಂಜಿನ್‌ಗೆ ದೂಳು ಹೋದರೂ ಅದೇ ಕಥೆ. ಮಣ್ಣಿನ ದೂಳಿನಲ್ಲಿ ಸಿಲಿಕಾ ಕಣಗಳಿರುತ್ತವೆ, ಗಟ್ಟಿ ಕಣ. ಅವು ರಿಂಗ್ ಮತ್ತು ಸಿಲಿಂಡರ್ ನಡುವೆ ಸಿಕ್ಕಿ ಎಮೆರಿ ಪೇಪರ್ ತರ ಉಜ್ಜುತ್ತವೆ. ರಿಂಗ್ ಸವೆದರೆ ಆಯಿಲ್ ಮೇಲೇರುತ್ತೆ. ಚಿತ್ರದುರ್ಗದ ಒಣ ಗಾಳಿ, ಬೇಸಿಗೆಯ ತೋಟದ ದಾರಿ, ಹೊಳಲ್ಕೆರೆ ಕಡೆ ಅದಿರು ಲಾರಿ ಓಡೋ ರಸ್ತೆ, ಎಲ್ಲಾ ಕಡೆ ದೂಳೇ. ಕೈಪಿಡಿಯಲ್ಲಿ "ದೂಳಿನ ಪ್ರದೇಶಕ್ಕೆ" ಅಂತ ಬೇರೆ ಸರ್ವಿಸ್ ಅವಧಿ ಇದ್ದರೆ ನಮಗೆ ಅನ್ವಯಿಸೋದು ಅದು.

ಏರ್ ಫಿಲ್ಟರ್ ಅನ್ನು ಜೋರು ಗಾಳಿ ಹೊಡೆದು ಮತ್ತೆ ಮತ್ತೆ ಬಳಸೋದು ನಮ್ಮಲ್ಲಿ ಅಭ್ಯಾಸ. ಆ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತೆ. ಡ್ರಿಪ್ ಫಿಲ್ಟರಿನ ಜಾಲರಿ ಹರಿದಮೇಲೆ ಎಷ್ಟು ತೊಳೆದರೂ ಲ್ಯಾಟರಲ್ ಕಟ್ಟಿಕೊಳ್ಳುತ್ತಲ್ಲ, ಹಾಗೇ. ಫಿಲ್ಟರ್ ತೆಗೆದಾಗ ಒಳಗಿನ ಪೈಪಿಗೆ ಬೆರಳಾಡಿಸಿ. ಬೆರಳಿಗೆ ದೂಳು ಹತ್ತಿದರೆ ಫಿಲ್ಟರ್ ದಾಟಿ ಇಂಜಿನ್‌ಗೆ ಹೋಗ್ತಿದೆ ಅಂತ. ಪೈಪಿನ ಕ್ಲಿಪ್ ಸಡಿಲವಿದೆಯಾ ಅದನ್ನೂ ನೋಡಿ. ಶಬ್ದ ಚೆನ್ನಾಗಿ ಬರುತ್ತೆ ಅಂತ ಫಿಲ್ಟರ್ ಡಬ್ಬಿಯನ್ನೇ ಬಿಚ್ಚಿ ಓಡಿಸೋ ಹುಡುಗರು ಈ ಪ್ಯಾರಾ ಎರಡು ಸಲ ಓದಿ.

ಯಾವ ಆಯಿಲ್?

15ಡಬ್ಲ್ಯೂ-40 ಅಂದ್ರೆ ಮೊದಲ ಅಂಕಿ ಚಳಿಯಲ್ಲಿ ಹರಿಯೋ ಗುಣ, ಎರಡನೇದು ಬಿಸಿಯಲ್ಲಿ ಉಳಿಯೋ ದಪ್ಪ. ಆಯಿಲ್ ತಿನ್ನುತ್ತೆ ಅಂತ ಗ್ಯಾರೇಜಿನಲ್ಲಿ ದಪ್ಪ ಆಯಿಲ್ ಹಾಕಿಬಿಡ್ತಾರೆ. ಹಳೇ ಇಂಜಿನ್‌ಗೆ ತಾತ್ಕಾಲಿಕ ನೆಮ್ಮದಿ ಸಿಗಬಹುದು. ಸಣ್ಣ ಸಂದಿಯ ಹೊಸ ಇಂಜಿನ್‌ಗೆ, ಟರ್ಬೊಗೆ ದಪ್ಪ ಆಯಿಲ್ ತಡವಾಗಿ ತಲುಪಿ ಹಾನಿ ಮಾಡುತ್ತೆ. ಡಿಪಿಎಫ್ ಇರೋ ಗಾಡಿಗೆ ಬೂದಿ ಕಡಿಮೆ ಇರೋ ಆಯಿಲ್ಲೇ ಬೇಕು. ಉರಿದ ಆಯಿಲಿನ ಬೂದಿ ಮಸಿ ತರ ಸುಟ್ಟುಹೋಗಲ್ಲ, ಫಿಲ್ಟರಿನಲ್ಲೇ ಕೂರುತ್ತೆ. ಕೈಪಿಡಿಯಲ್ಲಿರೋ ಗ್ರೇಡನ್ನು ಫೋಟೋ ತೆಗೆದು ಅಂಗಡಿಯಲ್ಲಿ ತೋರಿಸಿ ಕೊಳ್ಳಿ.

ದೂರದ ಓಟದಿಂದ ಬಂದಕೂಡಲೇ ಕೀ ತೆಗೆಯಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಕಾದ ಟರ್ಬೊದಲ್ಲಿ ಆಯಿಲ್ ನಿಂತುಬಿಟ್ಟರೆ ಸುಟ್ಟು ಕರಿಯಾಗಿ ದಾರಿ ಕಟ್ಟಿಕೊಳ್ಳುತ್ತೆ.

ರಿಪೇರಿನಾ, ಹಾಕ್ಕೊಂಡು ಓಡಿಸೋದಾ?

ತಿಂಗಳಿಗೆ 3000 ಕಿ.ಮೀ. ಓಡಿಸ್ತೀರಿ, 1000 ಕಿ.ಮೀ.ಗೆ 300 ಎಂ.ಎಲ್. ಖರ್ಚು, ಲೀಟರ್‌ಗೆ 400 ರೂಪಾಯಿ ಅಂತಿಟ್ಟುಕೊಳ್ಳಿ. ತಿಂಗಳಿಗೆ 900 ಎಂ.ಎಲ್., 360 ರೂಪಾಯಿ. ಅಳತೆ ಏರದೆ ನಿಂತಿದ್ದರೆ ಇಷ್ಟಕ್ಕಾಗಿ ಇಂಜಿನ್ ಬಿಚ್ಚಿಸಬೇಕಿಲ್ಲ. ಏರ್ತಾ ಇದ್ದರೆ ಕೊಯ್ಲಿಗೆ ಮೊದಲೇ ಸರಿಮಾಡಿಸಿ. ಬಿಚ್ಚೋಕೆ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ ಅಂತ ಕೇಳಿ. ರಿಂಗ್ ಹೋಗಿದೆಯೋ ಇಲ್ಲವೋ ಅದರಲ್ಲಿ ಬಹುಮಟ್ಟಿಗೆ ಗೊತ್ತಾಗುತ್ತೆ. ವಾರಂಟಿ ಇದ್ದರೆ ನಿಮ್ಮ ಫೋಟೋ ದಾಖಲೆಯೇ ಸಾಕ್ಷಿ. "ನೋಡಿ ಸಾರ್, ಜಾಸ್ತಿ ತಿಂತಿದೆ" ಅನ್ನೋದಕ್ಕಿಂತ ಮೂರು ಅಳತೆ ಮುಂದಿಟ್ಟರೆ ಮಾತಿಗೆ ತೂಕ ಬರುತ್ತೆ.

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳೋರು ಇಂಜಿನ್ ತಣ್ಣಗಿರುವಾಗಲೇ ಹೋಗಿ. ಮಾರೋರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. ಐಡಲ್‌ನಲ್ಲಿ ಆಯಿಲ್ ಹಾಕೋ ಮುಚ್ಚಳ ಹುಷಾರಾಗಿ ಸಡಿಲಿಸಿ ನೋಡಿ. ಬುಸುಬುಸು ಅಂತ ಹೊಗೆ ನೂಕಿದರೆ ಚೌಕಾಸಿ ಮಾಡೋ ಮೊದಲು ಮೆಕ್ಯಾನಿಕ್‌ಗೆ ತೋರಿಸಿ.

ತೆಗೆದ ಆಯಿಲ್ ತೋಟಕ್ಕೆ ಬೇಡ

ಸುಟ್ಟ ಆಯಿಲನ್ನು ಗೆದ್ದಲಿಗೆ ಅಂತ ತೆಂಗಿನ ಬುಡಕ್ಕೆ ಬಳಿಯೋದು, ದನದ ಗಾಯಕ್ಕೆ ಹಚ್ಚೋದು ಇನ್ನೂ ನಡೀತಿದೆ. ಅದರಲ್ಲಿ ಇಂಜಿನ್ ಸವೆತದ ಲೋಹ ಇದೆ, ಉರಿದ ಇಂಧನದ ವಿಷ ಇದೆ. ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿ ಸಾಯುತ್ತೆ, ನೀರು ಇಂಗಲ್ಲ. ಸಾವಯವ ಪ್ರಮಾಣಪತ್ರ ಬೇಕು ಅನ್ನೋರ ತೋಟದಲ್ಲಂತೂ ಇದಕ್ಕೆ ಜಾಗವೇ ಇಲ್ಲ. 2016ರ ಕೇಂದ್ರ ನಿಯಮದಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಮುಚ್ಚಳ ಇರೋ ಕ್ಯಾನಿನಲ್ಲಿ ತುಂಬಿ, ಹಳೇ ಆಯಿಲ್ ಸಂಗ್ರಹಿಸಿ ಕಳಿಸೋ ಸರ್ವಿಸ್ ಸೆಂಟರ್‌ಗೆ ಕೊಡಿ.

ಈ ವಾರದ ಕೆಲಸ

ಇವತ್ತು ಸಂಜೆ ಡಿಪ್‌ಸ್ಟಿಕ್ ನೋಡಿ, ಮೇಲಿನ ಗೆರೆಗೆ ತುಂಬಿ, ಎರಡು ಫೋಟೋ ತೆಗೆಯಿರಿ. ಫೋನಿನಲ್ಲಿ "ಗಾಡಿ ಆಯಿಲ್" ಅಂತ ಒಂದು ಫೋಲ್ಡರ್ ಮಾಡಿ. ಏರ್ ಫಿಲ್ಟರ್ ತೆಗೆದು ಪೈಪಿಗೆ ಬೆರಳಾಡಿಸಿ. ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿ ಮಲಗಿ. 1000 ಕಿ.ಮೀ. ಆದಮೇಲೆ ಎಷ್ಟು ಹಿಡೀತು, ಯಾವ ಗಾಡಿ, ಎಷ್ಟು ಲೋಡ್, ಯಾವ ದಾರಿ ಅಂತ ಬರೆದಿಟ್ಟುಕೊಳ್ಳಿ. ಮುಂದಿನ ಕೊಯ್ಲಿಗೆ ಇನ್ನೂ ಟೈಮ್ ಇರುವಾಗಲೇ ಲೆಕ್ಕ ಕೈಯಲ್ಲಿರಲಿ.