ಬಸಿಗಾಲುವೆಯ ಕಂದು ನೀರು

ಮಳೆಗಾಲದಲ್ಲಿ ತೋಟದ ಬಸಿಗಾಲುವೆಯ ನೀರು ಚಹದ ಬಣ್ಣಕ್ಕೆ ತಿರುಗುವುದನ್ನು ಬೆಳೆಗಾರರೆಲ್ಲರೂ ಕಂಡಿರುತ್ತಾರೆ. ಪಾತ್ರೆಯಲ್ಲಿಟ್ಟರೆ ಮಣ್ಣು ತಳಕ್ಕಿಳಿಯುತ್ತದೆ, ಬಣ್ಣ ಉಳಿಯುತ್ತದೆ. ಈ ಬಣ್ಣಕ್ಕೆ ಕಾರಣ ಸೊಪ್ಪು, ದರಗು, ಗೊಬ್ಬರಗಳು ಕೊಳೆತು ನೀರಿನಲ್ಲಿ ಕರಗಿದ ಸಾವಯವ ಪದಾರ್ಥ.

ಮಣ್ಣಿನ ಸೂಕ್ಷ್ಮಜೀವಿಗಳಿಗೆ ಇದು ಸುಲಭದ ಆಹಾರ. ಆದರೆ ತಾಮ್ರವನ್ನು ಹಿಡಿದುಕೊಳ್ಳುವ ಗುಣವೂ ಇದಕ್ಕಿದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ, ಅಂದರೆ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ಕಾಫಿಯ ಎಲೆತುಕ್ಕಿಗೆ ಬಳಸುವ ಶೇಕಡಾ 0.5ರ ದ್ರಾವಣದಲ್ಲಿ ಇದರ ಅರ್ಧ. ತಾಮ್ರ ಕೊಳೆತು ಹೋಗುವುದಿಲ್ಲ. ವರ್ಷವರ್ಷವೂ ಮೇಲ್ಮಣ್ಣಿನಲ್ಲಿ ಶೇಖರವಾಗುತ್ತದೆ. ಬಹುಭಾಗ ಮಣ್ಣಿಗೆ ಅಂಟಿಕೊಂಡಿದ್ದರೂ, ಸ್ವಲ್ಪ ಭಾಗ ಈ ಕಂದು ನೀರಿನೊಡನೆ ಹಳ್ಳ ಸೇರುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಕರಗಿದ ಪದಾರ್ಥವನ್ನು ತಿನ್ನುವಾಗ ನೀರಿನ ಆಮ್ಲಜನಕವೂ ಖರ್ಚಾಗಿ ಮೀನುಗಳಿಗೆ ತೊಂದರೆಯಾಗುತ್ತದೆ. ಕಾಫಿ ಪಲ್ಪರಿನ ನೀರು ಹಳ್ಳ ಕೆಡಿಸುವುದೂ ಹೀಗೆಯೇ.

ಸದಸ್ಯ ಬಾಂಧವರು ಗಮನಿಸಬೇಕಾದದ್ದು:

1. ಗೊಬ್ಬರದ ಗುಂಡಿಗೆ ಮಾಡು ಹಾಕಿ, ಸುತ್ತ ಬದು ಕಟ್ಟಿ.

2. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಸೊಪ್ಪು, 12 ಕಿಲೋ ಗೊಬ್ಬರವನ್ನು ಜೋರು ಮಳೆ ಕಳೆದ ಮೇಲೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೊಡಿ.

3. ಉಳಿದ ದ್ರಾವಣವನ್ನೂ ಡ್ರಮ್ ತೊಳೆದ ನೀರನ್ನೂ ಕಾಲುವೆಗೆ ಚೆಲ್ಲಬೇಡಿ.

4. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರದ ಅಂಶವನ್ನೂ ನೋಡಿಸಿ.

ಗೊಬ್ಬರದ ಸಾರ ಕೊಚ್ಚಿಹೋದರೆ ನಷ್ಟ ನಮಗೆ; ಅದು ಸೇರುವ ಹಳ್ಳದ ನೀರು ಮಾತ್ರ ಕೆಳಗಿನ ಮನೆಯವರದ್ದು.