ಬೋಳು ಗುಡ್ಡದಲ್ಲಿ ಹೂವಿನ ಹಬ್ಬ

ಜಪಾನ್ ದೇಶದಲ್ಲಿ ಅವಾಜಿ ಅನ್ನೋ ದ್ವೀಪ ಇದೆ. ಸುತ್ತಲೂ ಸಮುದ್ರ. ಬನ್ನಿ, ಅಲ್ಲಿಗೆ ಹೋಗಿ ಬರೋಣ.

ಇಲ್ಲೊಂದು ಗುಡ್ಡ. ಸಮುದ್ರ ತುಂಬಿಸಿ ವಿಮಾನ ನಿಲ್ದಾಣ ಕಟ್ಟೋದಕ್ಕೆ ಇದರ ಮಣ್ಣು ಅಗೆದು ಒಯ್ದರು. ಗುಡ್ಡ ಬೋಳಾಯಿತು.

1995ರ ಜನವರಿ 17. ಬೆಳಗಿನ ಜಾವ ಭೂಕಂಪ ಆಯಿತು. ಮನೆಗಳು ಬಿದ್ದವು. ಇಲ್ಲಿ, ಎದುರು ದಡದ ಕೋಬೆಯಲ್ಲಿ, ಸುತ್ತಲ ಊರುಗಳಲ್ಲಿ ಸೇರಿ 6,400ಕ್ಕೂ ಹೆಚ್ಚು ಜನ ಸತ್ತರು.

ಉಳಿದವರು ಏನು ಮಾಡಿದರು? ಬೋಳು ಗುಡ್ಡವನ್ನು ಹಸಿರು ಮಾಡಿದರು. ಸತ್ತವರ ನೆನಪಿಗೆ ಅಲ್ಲಿ 100 ಹೂಮಡಿ ಕಟ್ಟಿದರು. ಮಡಿಗಳಲ್ಲಿ ಸೇವಂತಿಗೆ ಜಾತಿಯ ಗಿಡಗಳನ್ನು ನೆಟ್ಟರು. 2000ದಲ್ಲಿ ಅಲ್ಲೇ ದೊಡ್ಡ ಹೂವಿನ ಮೇಳ ನಡೆಯಿತು.

ಮೆಟ್ಟಿಲು ಹತ್ತಿ ನಿಲ್ಲಿ. ಕೆಳಗೆ ಹೂವು, ಆಚೆ ಸಮುದ್ರ. ಹೋದವರು ಬರೋದಿಲ್ಲ. ನೆಟ್ಟ ಗಿಡ ಹೂ ಬಿಡುತ್ತೆ.

ನಿಮ್ಮೂರಲ್ಲಿ ಬೋಳು ಜಾಗ ಇದೆಯಾ? ಅಲ್ಲಿ ಏನು ನೆಡ್ತೀರಿ? ಬರೆಯಿರಿ.